ಸೊಳ್ಳೆಬ್ಯಾಟಿನ ಒಳಗುಟ್ಟು

ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನಲ್ಲಿ ಸಂಜೆಯಾಯಿತೆಂದರೆ ಸೊಳ್ಳೆ. ಸೊಳ್ಳೆ ಬಂತೆಂದರೆ ಮನೆಯವರ ಕೈಗೆ ಬ್ಯಾಟು. ಅದರ ಬ್ಯಾಟರಿಯ ಒತ್ತಡ ಮೂರು ನಾಲ್ಕು ವೋಲ್ಟು, ಜಾಲರಿಯಲ್ಲಾದರೋ ಸಾವಿರದಾಚೆ! ಇದು ಹೇಗೆ?

ನಾಗಮಂಗಲದ ದಿಣ್ಣೆಯ ಹೊಲಕ್ಕೆ ಒಂದೇ ಏತದಿಂದ ನೀರು ಮುಟ್ಟದಿದ್ದರೆ, ತೊಟ್ಟಿಯಿಂದ ತೊಟ್ಟಿಗೆ ಎತ್ತಬಹುದಲ್ಲವೆ? ಇಲ್ಲಿಯೂ ಹಾಗೆಯೇ. ಸಣ್ಣ ಟ್ರಾನ್ಸ್‌ಫಾರ್ಮರು ಮೊದಲು ನೂರಾರು ವೋಲ್ಟಿಗೆ ಏರಿಸುತ್ತದೆ. ಅಲ್ಲಿಂದ ಮುಂದೆ ಕೆಪಾಸಿಟರುಗಳೇ ತೊಟ್ಟಿಗಳು; ಡಯೋಡುಗಳೇ ಹಿಂದಕ್ಕೆ ಹರಿಯಗೊಡದ ಕವಾಟಗಳು. ಮೆಟ್ಟಿಲೇರಿದಂತೆ ಒತ್ತಡ ಹೆಚ್ಚುತ್ತದೆ, ಪ್ರವಾಹ ಕಡಮೆಯಾಗುತ್ತದೆ. 1932ರಲ್ಲಿ ಕೇಂಬ್ರಿಜ್ಜಿನ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಇದೇ ಉಪಾಯದ ದೊಡ್ಡ ಯಂತ್ರದಿಂದ ಲಿಥಿಯಮ್ ಪರಮಾಣುವಿನ ಬೀಜವನ್ನೇ ಒಡೆದರು.

ಆದರೆ ಗಳಿಸುವುದಕ್ಕಿಂತ ಉಳಿಸುವುದು ಕಷ್ಟ. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೊರಟ ವಿದ್ಯುತ್ತಿಗೂ ಇದೇ ಚಿಂತೆ: ದಾರಿಯಲ್ಲಿ ಸೋರಬಾರದು. ಒಣಗಾಳಿ ಒಳ್ಳೆಯ ಅವಾಹಕ. ಧೂಳು, ತೇವ, ಬೆಸುಗೆಯ ಚೂಪುಮೊನೆ ಸೋರುವ ದಾರಿಗಳು. ಆದುದರಿಂದಲೇ ಇಂಥ ಮಂಡಲದಲ್ಲಿ ಬೆಸುಗೆಯನ್ನು ದುಂಡಗೆ ಮಾಡಿ, ಭಾಗಗಳನ್ನು ದೂರದೂರವಿಟ್ಟು, ಮೇಣ ಅಥವಾ ಎಪಾಕ್ಸಿಯಿಂದ ಮುಚ್ಚುತ್ತಾರೆ. ಜಾಲರಿಗಳ ನಡುವಣ ಗಾಳಿಯೂ ಅವಾಹಕವೇ. ಸೊಳ್ಳೆ ನುಗ್ಗಿ ಆ ಅಂತರವನ್ನು ಕಿರಿದುಗೊಳಿಸಿದೊಡನೆ ಕಿಡಿ ಹಾರುತ್ತದೆ.

ಒಂದು ಮಾತನ್ನು ಮನೆಮಂದಿಯೆಲ್ಲ ನೆನಪಿಡಿ. ಗುಂಡಿ ಬಿಟ್ಟರೂ ತೊಟ್ಟಿ ಕೂಡಲೇ ಬರಿದಾಗದು. ಅಟ್ಟದ ಮೇಲಿನ ಹಳೆಯ ಟೆಲಿವಿಷನ್ನಿನ ಚಿತ್ರನಳಿಕೆಯಲ್ಲಿ, ಪ್ಲಗ್ಗು ಕಿತ್ತ ಮೇಲೆಯೂ ಸಾವಿರಾರು ವೋಲ್ಟು ಅಡಗಿರಬಹುದು. ಹುಡುಗರ ಕುತೂಹಲ ಒಳ್ಳೆಯದೇ. ಆದರೆ ಅದನ್ನು ಬಿಚ್ಚಿ ಗುಣಕ ಕಟ್ಟುವೆನೆಂದರೆ ಬಿಡಬೇಡಿ. ಕಾಗದದ ಮೇಲೆ ಚಿತ್ರ ಬರೆಯಿಸಿ, ಮೆಟ್ಟಿಲು ಎಣಿಸಲು ಹೇಳಿ. ಅರಿವಿಗೆ ಅಷ್ಟು ಸಾಕು.