ಬೇರಿಗೆ ಗಾಳಿ ಬೇಕು



ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ದಿನ ಮಗಳು ಬೆಂಗಳೂರಿನಿಂದ ಒಂದು ಹೂವಿನ ಕುಂಡ ತಂದುಕೊಟ್ಟಳು. ಒಂದೇ ಕಡ್ಡಿಗೆ ಎಂಟೊಂಬತ್ತು ನೇರಳೆ ಹೂ. ಆರ್ಕಿಡ್ ಎಂದಳು. ಕುಂಡದಲ್ಲಿ ಮಣ್ಣೇ ಇಲ್ಲ, ಬರೀ ಇದ್ದಲಿ ಚೂರು. ಅಂಗಡಿಯವನು ಮಗಳಿಗೆ ಟೋಪಿ ಹಾಕಿದ್ದಾನೆ ಎಂದುಕೊಂಡೆ. ಹೊಲದಿಂದ ಒಳ್ಳೆಯ ಎರೆಮಣ್ಣು ತರಿಸಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಗಿಡವನ್ನು ಅದರಲ್ಲಿ ಊರಿದೆ. ತುಳಸಿಗೆ ಹಾಕಿದಂತೆ ದಿನಾ ಒಂದು ತಂಬಿಗೆ ನೀರು ಹಾಕಿದೆ. ಎರಡು ತಿಂಗಳಲ್ಲಿ ಎಲೆ ಹಳದಿಯಾಗಿ ಉದುರಿದವು. ಕಿತ್ತು ನೋಡಿದರೆ ಬೇರೆಲ್ಲ ಕೊಳೆತು ಕೈಗೆ ಅಂಟುತ್ತಿತ್ತು. "ಅಪ್ಪಾ, ಗಿಡ ಹೆಂಗದ?" ಎಂದು ಮಗಳು ಫೋನಿನಲ್ಲಿ ಕೇಳಿದಾಗ "ಚೆಂದ ಅದ" ಎಂದು ಸುಳ್ಳು ಹೇಳಿದೆ. ಆ ಸುಳ್ಳು ನಿಜ ಮಾಡಬೇಕೆಂದು ಇನ್ನೊಂದು ಗಿಡ ತಂದು, ಈ ಸಲ ಕೇಳಿ, ಓದಿ, ಕಲಿತೆ. ಕಲಿತದ್ದನ್ನು ಇಂದು ನಿಮಗೆ ಹೇಳುತ್ತೇನೆ.

ನನ್ನ ತಪ್ಪು ಎಲ್ಲಿತ್ತು? ಮನೆಗಳಲ್ಲಿ ಸಾಕುವ ಆರ್ಕಿಡ್‌ಗಳಲ್ಲಿ ಹೆಚ್ಚಿನವು ನೆಲದ ಗಿಡಗಳಲ್ಲ. ಕಾಡಿನಲ್ಲಿ ಮರದ ಕೊಂಬೆಯನ್ನು ಅಪ್ಪಿಕೊಂಡು ಬೆಳೆಯುವಂಥವು. ಹಾಗೆಂದಾಗ ನಮ್ಮ ಹಳ್ಳಿಯವರು ಕೂಡಲೇ "ಅದು ಬಾಂಡಗುಳ ಅಲ್ಲೇನ್ರೀ?" ಎನ್ನುತ್ತಾರೆ. ಅಲ್ಲ. ಮಾವಿನ ಮರಕ್ಕೆ ಹತ್ತುವ ಬದನಿಕೆ, ಅಂದರೆ ಮರಾಠಿಯ ಬಾಂಡಗುಳ, ತನ್ನ ಬೇರನ್ನು ಕೊಂಬೆಯ ಒಳಗೆ ಇಳಿಸಿ ಮರದ ರಸ ಹೀರುತ್ತದೆ. ಆರ್ಕಿಡ್ ಮರದ ಮೇಲೆ ಕೂಡುತ್ತದೆ ಅಷ್ಟೇ, ಮರದ ಅನ್ನ ಉಣ್ಣುವುದಿಲ್ಲ. ಬಾಡಿಗೆದಾರನಿಗೂ ಕಳ್ಳನಿಗೂ ಇರುವ ವ್ಯತ್ಯಾಸ ಅದು.

ಅದರ ಬೇರು ಗಾಳಿಯಲ್ಲಿ ತೂಗಾಡುತ್ತದೆ. ಅಕ್ಕಲಕೋಟಕ್ಕೆ ಸ್ವಾಮಿ ಸಮರ್ಥರ ದರ್ಶನಕ್ಕೆ ಹೋದವರು ಅಲ್ಲಿಯ ಆಲದ ಮರ ನೋಡಿಯೇ ಇರುತ್ತೀರಿ. ಆಲದ ಬಿಳಲು ಗಾಳಿಯಲ್ಲಿ ಇಳಿಬಿದ್ದಿರುತ್ತದಲ್ಲ, ಆರ್ಕಿಡ್ ಬೇರೂ ಹಾಗೆ. ಆದರೆ ಬಿಳಲು ಕೊನೆಗೆ ನೆಲ ಹುಡುಕುತ್ತದೆ, ಇದು ಹುಡುಕುವುದಿಲ್ಲ. ಬೇರಿನ ಸುತ್ತ ಸ್ಪಂಜಿನಂಥ ಬಿಳಿ ಹೊದಿಕೆ ಇರುತ್ತದೆ. ಮಳೆ ಬಿದ್ದಾಗ ಅದು ಗಟಗಟನೆ ನೀರು ಹೀರಿ, ಆಮೇಲೆ ಗಾಳಿಗೆ ಒಣಗುತ್ತದೆ. ನೆನೆಯುವುದೂ ಬೇಕು, ಒಣಗುವುದೂ ಬೇಕು. ನಮ್ಮ ಎರೆಮಣ್ಣು ಹಿಂಗಾರಿ ಜೋಳಕ್ಕೆ ತಾಯಿ ಇದ್ದಂತೆ, ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಆ ಗುಣವೇ ಆರ್ಕಿಡ್ ಪಾಲಿಗೆ ವಿಷ. ನನ್ನ ಗಿಡ ನೀರಡಿಸಿ ಸಾಯಲಿಲ್ಲ, ಉಸಿರುಕಟ್ಟಿ ಸತ್ತಿತು.

ಇನ್ನು ಯಾವ ಗಿಡ ತರಬೇಕು? ಹೊಸಬರು ಡೆಂಡ್ರೋಬಿಯಂ ತರಬೇಕು. ಸಣ್ಣ ಕಬ್ಬಿನಂಥ ಗೆಣ್ಣು ಗೆಣ್ಣಿನ ಕಡ್ಡಿ ಅದರ ಗುರುತು. ಆ ಕಡ್ಡಿಯಲ್ಲಿ ನೀರು ಕೂಡಿಟ್ಟುಕೊಂಡಿರುತ್ತದೆ, ಹಾಗಾಗಿ ನಮ್ಮ ಬಿಸಿಲನ್ನು ಸ್ವಲ್ಪಮಟ್ಟಿಗೆ ತಾಳುತ್ತದೆ. ಎಲೆ ಉದುರಿದ ಹಳೆಯ ಕಡ್ಡಿಯನ್ನು ಒಣಗಿತೆಂದು ಕತ್ತರಿಸಬೇಡಿರಿ. ಹಸಿರಾಗಿದ್ದರೆ ಅದು ಗಿಡದ ಠೇವಣಿ, ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಫಿಕ್ಸೆಡ್ ಡಿಪಾಜಿಟ್. ಅಗಲ ಎಲೆಯ, ಚಿಟ್ಟೆಯಂಥ ಹೂವಿನ ಫೆಲನಾಪ್ಸಿಸ್ ಅಂಗಡಿಯಲ್ಲಿ ಕಣ್ಣು ಸೆಳೆಯುತ್ತದೆ. ಆದರೆ ಅದಕ್ಕೆ ಕೂಡಿಡುವ ಕಡ್ಡಿಯಿಲ್ಲ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೊಲ್ಲಾಪುರದಲ್ಲಿ ಅದನ್ನು ಉಳಿಸುವುದು ಕಷ್ಟ. ಒಂದೆರಡು ವರ್ಷ ಕೈ ಪಳಗಿದ ಮೇಲೆ ನೋಡೋಣ.

ಕಾಡಿನಿಂದ ಮಾತ್ರ ತರಬೇಡಿರಿ. ಅಂಬೋಲಿ, ದಾಂಡೇಲಿ ಕಡೆ ಹೋದವರಿಗೆ ಮಳೆಗಾಲದ ಸುಮಾರಿಗೆ ಮರದಿಂದ ಜಡೆಯಂತೆ ಇಳಿಬಿದ್ದ ಹೂಗೊಂಚಲು ಕಾಣಿಸುತ್ತದೆ. ಕನ್ನಡದಲ್ಲಿ ಸೀತಾಳೆ ದಂಡೆ, ಮರಾಠಿಯಲ್ಲಿ ಸೀತೇಚಿ ವೇಣಿ. ಎರಡೂ ಭಾಷೆ ಆ ಹೂವನ್ನು ಸೀತಮ್ಮನ ಮುಡಿಗೇ ಏರಿಸಿದ್ದು ನನಗೆ ಬಹಳ ಇಷ್ಟ. ದೂರದ ಅಸ್ಸಾಮಿನಲ್ಲಿಯೂ ಹೆಣ್ಣುಮಕ್ಕಳು ಬಿಹು ಹಬ್ಬಕ್ಕೆ ಅದನ್ನೇ ಮುಡಿಯುತ್ತಾರೆ. ಆದರೆ ಕಾಡಿನ ತಂಪಿನಿಂದ ಕಿತ್ತು ತಂದದ್ದು ನಮ್ಮಲ್ಲಿ ಬದುಕುವುದು ಅಪರೂಪ, ಕಾನೂನಿನ ತೊಡಕು ಬೇರೆ. ಕೀಳುವ ಅಗತ್ಯವೂ ಇಲ್ಲ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿಯೇ ಇರುವುದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬ ವಿಜ್ಞಾನಿ ಸಕ್ಕರೆ ಬೆರೆಸಿದ ಅಗರದ ಮೇಲೆ, ಶಿಲೀಂಧ್ರವಿಲ್ಲದೆ, ಆ ಬೀಜ ಮೊಳೆಸಿ ತೋರಿಸಿದರು. ಇಂದು ನರ್ಸರಿಗಳಲ್ಲಿ ಸಿಗುವ ಸಸಿಗಳು ಅಂಥ ಗಾಜಿನ ಬಾಟಲಿಯಲ್ಲಿ ಹುಟ್ಟಿದವು. ಸಿಕ್ಕಿಮಿನ ಪಾಕ್ಯೊಂಗ್‌ನಲ್ಲಿ 1996ರಿಂದ ಆರ್ಕಿಡ್‌ಗಾಗಿಯೇ ಕೇಂದ್ರ ಸರಕಾರದ ಒಂದು ಸಂಶೋಧನಾ ಕೇಂದ್ರವೂ ಇದೆ.

ಕುಂಡ ಮಣ್ಣಿನದಿರಲಿ, ಬುಡಕ್ಕೂ ಪಕ್ಕಕ್ಕೂ ತೂತುಗಳಿರಲಿ. ಒಳಗೆ ಇದ್ದಲಿ, ಇಟ್ಟಂಗಿ ಚೂರು, ತೆಂಗಿನಕಾಯಿಯ ನಾರಿನ ಸಿಪ್ಪೆಯ ತುಂಡು, ಇಷ್ಟೇ. ಗುಡಿ ಮುಂದಿನ ಕಾಯಿ ಅಂಗಡಿಯಲ್ಲಿ ಸಿಪ್ಪೆ ಪುಕ್ಕಟೆ ಸಿಗುತ್ತದೆ. ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿ, ಅದರ ಉಪ್ಪು, ಕಂದು ಬಣ್ಣ ಬಿಟ್ಟ ಮೇಲೆ ಬಳಸಬೇಕು. ಸಿಪ್ಪೆ ಎರಡು ವರ್ಷಕ್ಕೆ ಮೆತ್ತಗಾಗುತ್ತದೆ, ಆಗ ಬದಲಿಸಬೇಕು.

ಜಾಗ ಮೂಡಣ ದಿಕ್ಕಿನ ಕಟ್ಟೆ, ಇಲ್ಲವೇ ಬೇವಿನ ನೆರಳು. ಬೆಳಗಿನ ಬಿಸಿಲು ಔಷಧ, ಹತ್ತು ಗಂಟೆಯ ನಂತರದ್ದು ಬೆಂಕಿ. ಮಾಳಿಗೆಯ ಮೇಲಂತೂ ಇಡಲೇಬೇಡಿರಿ, ಕಾದ ಸ್ಲ್ಯಾಬು ರಾತ್ರಿಯೂ ಬೇಯಿಸುತ್ತದೆ. ಎಲೆ ಕಡುಹಸಿರಾಗಿ ಹೂ ಬಾರದಿದ್ದರೆ ಬೆಳಕು ಸಾಲದು, ಎಲೆಯ ಮೇಲೆ ಸುಟ್ಟ ಕಲೆ ಕಂಡರೆ ಹೆಚ್ಚಾಯಿತು ಎಂದು ಅರ್ಥ.

ನೀರಿನ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಕ್ಯಾಲೆಂಡರ್ ನೋಡಬೇಡಿರಿ, ಬೇರು ನೋಡಿರಿ. ಬೇರು ಬೆಳ್ಳಿಯಂತೆ ಬೆಳ್ಳಗಿದ್ದರೆ ನೀರು ಬೇಕು, ಹಸಿರಾಗಿದ್ದರೆ ಬೇಡ. ನನ್ನ ವಹಿಯ ಪ್ರಕಾರ ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ, ಮಳೆಗಾಲದಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ, ಚಳಿಗಾಲದಲ್ಲಿ ವಾರಕ್ಕೊಮ್ಮೆ. ಹೌದು, ವಹಿ ಇಟ್ಟಿದ್ದೇನೆ, ಮನೆಯವರು ನಗುತ್ತಾರೆ. ಸಂಜೆ ನೀರು ಹಾಕಿದರೆ ಸುಳಿಯಲ್ಲಿ ನಿಂತು ರಾತ್ರಿಯೆಲ್ಲ ಕೊಳೆಯಿಸುತ್ತದೆ. ಬೋರಿನ ಸವಳು ನೀರಿನಿಂದ ಬೇರಿನ ತುದಿ ಕಪ್ಪಾಗುತ್ತದೆ, ಮಳೆಯ ನೀರು ಹಿಡಿದಿಟ್ಟರೆ ಉತ್ತಮ. ಬೇಸಿಗೆಯಲ್ಲಿ ಒಂದು ತಟ್ಟೆಯಲ್ಲಿ ಹರಳು, ನೀರು ಹಾಕಿ, ಕುಂಡದ ಬುಡ ನೀರಿಗೆ ತಾಗದಂತೆ ಹರಳಿನ ಮೇಲಿಡಿರಿ. ಸುತ್ತ ಒದ್ದೆ ಗೋಣಿತಟ್ಟು ಇಳಿಬಿಟ್ಟರೆ ಇನ್ನೂ ಒಳ್ಳೆಯದು. ಗೊಬ್ಬರಕ್ಕೆ ದಾಳಿಂಬೆ, ದ್ರಾಕ್ಷಿ ತೋಟದವರ ಮನೆಯಲ್ಲಿರುವ 19:19:19 ಸಾಕು. ಲೀಟರ್ ನೀರಿಗೆ ಒಂದು ಗ್ರಾಮು, ಹೊಸ ಕಡ್ಡಿ ಬೆಳೆಯುವಾಗ ವಾರಕ್ಕೊಮ್ಮೆ. ಬಿಳಿ ಹಿಟ್ಟಿನಂಥ ಹುಳ ಬಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ಬೇವಿನೆಣ್ಣೆ ಸಿಂಪಡಿಸಬೇಕು.

ಒಂದು ಬೇಸಿಗೆಯಲ್ಲಿ, ಟ್ಯಾಂಕರ್ ಬರುವ ದಿನಗಳಲ್ಲಿ, ಪಕ್ಕದ ಹೊಲದ ತಮ್ಮಾ ಒಬ್ಬ ಕಟ್ಟೆಗೆ ಬಂದು ನಿಂತ. "ದನಕ್ಕ ಕುಡಿಯಾಕ ನೀರಿಲ್ಲ, ನಿಮಗ ಹೂವಿನ ಚೈನಿ ಏನ್ರೀ ಕಾಕಾ?" ಎಂದ. ಮಾತು ಚುಚ್ಚಿತು. 1972ರ ಬರ ಕಂಡ ಮನೆಯವನು ನಾನು, ಬ್ಯಾಂಕಿನಲ್ಲಿ ಬೆಳೆಸಾಲದ ಅರ್ಜಿ ಹಿಡಿದು ನಿಂತವರ ಮುಖವನ್ನೂ ಕಂಡವನು. ಉತ್ತರ ಹೇಳಲಿಲ್ಲ. ಮರುದಿನ ಅವನನ್ನು ಕರೆದು, ಎದುರಿಗೇ ಅಳತೆ ಮಾಡಿ ತೋರಿಸಿದೆ. ಅಕ್ಕಿ ತೊಳೆದ ನೀರಲ್ಲ, ಕುಡಿಯುವ ನೀರೇ, ಅರ್ಧ ಲೀಟರ್ ಸುರಿದೆ. ಅದರಲ್ಲಿ ಹೆಚ್ಚಿನದು ಇದ್ದಲಿಯ ಸಂದಿಯಿಂದ ಕೆಳಗಿನ ಬೋಗುಣಿಗೆ ಇಳಿಯಿತು. ಆ ಬೋಗುಣಿಯ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿದೆ. "ಹಂಗಾರ ಇದು ಕುಡಿದದ್ದು ಎಷ್ಟು?" ಎಂದು ಅವನೇ ಬೋಗುಣಿ ಬಗ್ಗಿ ನೋಡಿದ. ಆದರೂ ಅವನ ಪ್ರಶ್ನೆ ಸುಳ್ಳಲ್ಲ. ಆ ವರ್ಷ ನಾನು ಎರಡು ಕುಂಡಕ್ಕಿಂತ ಹೆಚ್ಚು ಇಡಲಿಲ್ಲ, ಈಗಲೂ ನಾಲ್ಕು ದಾಟಿಸಿಲ್ಲ.

ಮುಂದೆ ದೀಪಾವಳಿಯ ಸುಮಾರಿಗೆ ಡೆಂಡ್ರೋಬಿಯಂ ಹೂ ಬಿಟ್ಟಿತು, ಐದು ವಾರ ಬಾಡಲಿಲ್ಲ. ಹಳೆಯ ಕಡ್ಡಿಯ ಗೆಣ್ಣಿನಲ್ಲಿ ಒಂದು ಮರಿ ಒಡೆದಿತ್ತು. ಅದರ ಬೇರು ಎರಡು ಇಂಚು ಆಗುವವರೆಗೆ ಕಾದು, ಚಿವುಟಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿ, ಒಡೆದ ಗಡಿಗೆಯೊಂದರಲ್ಲಿ ಇದ್ದಲಿ ತುಂಬಿ ಕೂಡಿಸಿದೆ. ಆ ತಮ್ಮನ ಮಗಳು ಕೇಳಿ ಒಯ್ದಳು. ಅವರ ಬೇವಿನ ಮರದ ಕೊಂಬೆಗೆ ಅದು ತೂಗುತ್ತಿದೆ. ಇನ್ನೂ ಹೂ ಬಿಟ್ಟಿಲ್ಲ, ಹೊಸ ಕಡ್ಡಿ ಎರಡು ಬಂದಿವೆ.