ಅಜ್ಜಿಯ ಫೋಟೊ ಎಲ್ಲಿದೆ?

ಹಾನಗಲ್, ಸವಣೂರು, ಶಿಗ್ಗಾಂವಿ ಕಡೆಯ ಹಳೆಯ ಮನೆಗಳಲ್ಲಿ ಒಂದು ತಗಡಿನ ಟ್ರಂಕು ಇದ್ದೇ ಇರುತ್ತದೆ. ಹೊಲದ ಕಾಗದಪತ್ರ, ನಿಕಾಹ್‌ನಾಮೆ, ಅಜ್ಜನ ಹಳೆಯ ಫೋಟೊ ಎಲ್ಲವೂ ಅದರಲ್ಲಿ ಸಿಗುತ್ತವೆ. ಅಜ್ಜಿಯ ಫೋಟೊ ಮಾತ್ರ ಹುಡುಕಬೇಕಾಗುತ್ತದೆ. ಸಿಕ್ಕರೂ ಅದು ರೇಷನ್ ಕಾರ್ಡಿಗೋ ಹಜ್ ಅರ್ಜಿಗೋ ಅವಸರದಲ್ಲಿ ತೆಗೆಸಿದ್ದು. ಬಿಗಿದ ತುಟಿ, ಗಾಬರಿಯ ಕಣ್ಣು. ಮೊಮ್ಮಕ್ಕಳಿಗೆ ಬಿಸಿ ರೊಟ್ಟಿ ಬಡಿಸುವಾಗ ಅರಳುತ್ತಿದ್ದ ಆ ಮುಖ ಅಲ್ಲಿಲ್ಲ.

ಹಾಗಾದರೆ ಮನುಷ್ಯನ ನಿಜವಾದ ಮುಖ ಚಿತ್ರದಲ್ಲಿ ಉಳಿಯಬೇಕಾದರೆ ಏನು ಬೇಕು? ದುಬಾರಿ ಕ್ಯಾಮೆರಾ ಬೇಕೇ? ಈ ಪ್ರಶ್ನೆಗೆ ತಮ್ಮ ಜೀವಮಾನವಿಡೀ ಉತ್ತರ ಕೊಟ್ಟವರು ನಮ್ಮ ನಾಡಿನವರೇ ಆದ ಟಿ.ಎಸ್. ಸತ್ಯನ್.

1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸತ್ಯನ್ ಅವರಿಗೆ ಕ್ಯಾಮೆರಾದ ಹುಚ್ಚು ಹತ್ತಿದ್ದು ವಿದ್ಯಾರ್ಥಿ ದಿನಗಳಲ್ಲಿ. ಹವ್ಯಾಸವಾಗಿ ಆರಂಭವಾದದ್ದು ಮುಂದೆ ಬದುಕೇ ಆಯಿತು. 1948ರಲ್ಲಿ ಅವರು ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆ ಸೇರಿದರು. ಅನಂತರ ಸ್ವತಂತ್ರ ಛಾಯಾಗ್ರಾಹಕರಾಗಿ ದೇಶವಿಡೀ ಸುತ್ತಿದರು. ಅಮೆರಿಕದ ‘ಲೈಫ್’ನಂಥ ಪತ್ರಿಕೆಗಳೂ ಅವರ ಚಿತ್ರಗಳನ್ನು ಪ್ರಕಟಿಸಿದವು. ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಾಗಿಯೂ ಅವರು ದುಡಿದರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. 2009ರ ಡಿಸೆಂಬರ್‌ನಲ್ಲಿ ಮೈಸೂರಿನಲ್ಲೇ ಅವರು ತೀರಿಕೊಂಡರು.

ದೊಡ್ಡವರ ಚಿತ್ರಗಳನ್ನೂ ಅವರು ತೆಗೆದರು. ಆದರೆ ಅವರ ಹೆಸರು ಉಳಿದಿರುವುದು ಸಾಮಾನ್ಯರ ಚಿತ್ರಗಳಿಂದ. ಆಟವಾಡುವ ಮಕ್ಕಳು, ದುಡಿಯುವ ಹೆಂಗಸರು, ಬೀದಿಯ ಜನ. ಆ ಕಪ್ಪು ಬಿಳುಪು ಚಿತ್ರಗಳಲ್ಲಿ ಬಡತನ ಕಾಣುತ್ತದೆ, ಬಡವರ ಅವಮಾನ ಕಾಣುವುದಿಲ್ಲ. ಎದುರಿಗಿದ್ದವರನ್ನು ಗೌರವದಿಂದ ನೋಡಿದ ಕಣ್ಣಿಗೆ ಮಾತ್ರ ಇದು ಸಾಧ್ಯ.

ಅದು ಫಿಲ್ಮಿನ ಕಾಲವೆಂಬುದನ್ನು ಮರೆಯಬಾರದು. ಒಂದು ಕಾಲಕ್ಕೆ ನಮ್ಮ ಎಷ್ಟೋ ಮನೆಗಳಲ್ಲಿದ್ದ ‘ಅಗ್ಫಾ ಕ್ಲಿಕ್’ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಚಿತ್ರ ಅಷ್ಟೇ. ದೊಡ್ಡವರ ಕ್ಯಾಮೆರಾದ ರೋಲಿನಲ್ಲಿ 36. ಗುಂಡಿ ಒತ್ತುವ ಮುನ್ನ ಯೋಚಿಸಬೇಕಿತ್ತು. ರೋಲನ್ನು ಪೂರ್ಣ ಕತ್ತಲಲ್ಲಿ ಬಿಚ್ಚಿ, ರಾಸಾಯನಿಕದಲ್ಲಿ ತೊಳೆದು, ಒಣಗಿಸಿ, ಆಮೇಲೆ ಕಾಗದದ ಮೇಲೆ ಚಿತ್ರ ಮೂಡಿಸಬೇಕಿತ್ತು. ಅಲ್ಲಿಯವರೆಗೆ ಚಿತ್ರ ಹೇಗೆ ಬಂದಿದೆಯೆಂದು ತೆಗೆದವರಿಗೂ ಗೊತ್ತಿರಲಿಲ್ಲ. ಹಾಗಾಗಿ ಫಿಲ್ಮು ಸಹನೆ ಕಲಿಸುತ್ತಿತ್ತು. ಎದುರಿಗಿದ್ದವರ ಜೊತೆ ನಾಲ್ಕು ಮಾತಾಡಿ, ಅವರ ಮುಖದ ಬಿಗಿ ಸಡಿಲವಾಗುವವರೆಗೆ ಕಾಯುವುದು ಅನಿವಾರ್ಯವಾಗಿತ್ತು.

ಈ ವಿದ್ಯೆಯ ಬೇರು ನಮ್ಮ ಪೂರ್ವಜರ ಜ್ಞಾನದಲ್ಲೂ ಇದೆ. ಸುಮಾರು ಸಾವಿರ ವರ್ಷಗಳ ಹಿಂದೆ, ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಇಬ್ನುಲ್ ಹೈಸಮ್, ಬೆಳಕು ಸಣ್ಣ ರಂಧ್ರದ ಮೂಲಕ ಕತ್ತಲ ಕೋಣೆಯನ್ನು ಹೇಗೆ ಪ್ರವೇಶಿಸುತ್ತದೆಂದು ಪ್ರಯೋಗ ಮಾಡಿ ಬರೆದಿಟ್ಟರು. ಕ್ಯಾಮೆರಾ ಎಂಬ ಪದಕ್ಕೂ ಲ್ಯಾಟಿನ್ ಭಾಷೆಯಲ್ಲಿ ಕೋಣೆಯೆಂದೇ ಅರ್ಥ.

ಪರ್ದಾದಲ್ಲಿದ್ದ ನಮ್ಮ ಹೆಣ್ಣುಮಕ್ಕಳಿಗೆ ಇದು ದಕ್ಕುವುದು ಹೇಗೆ ಎಂಬ ಪ್ರಶ್ನೆಗೂ ಹಿಂದೆ ಉತ್ತರ ಹುಡುಕಿದವರಿದ್ದಾರೆ. 1892ರಲ್ಲಿ ರಾಜಾ ದೀನ್ ದಯಾಳ್ ಹೈದರಾಬಾದಿನಲ್ಲಿ ‘ಝನಾನಾ ಸ್ಟುಡಿಯೊ’ ತೆರೆದರು. ಸುತ್ತ ಎತ್ತರದ ಗೋಡೆ. ಗಂಡಸರಿಗೆ ಪ್ರವೇಶವಿಲ್ಲ. ಚಿತ್ರ ತೆಗೆಯುವ ಹೊಣೆ ಶ್ರೀಮತಿ ಕೆನ್ನಿ ಲೆವಿಕ್ ಎಂಬ ಮಹಿಳೆಯದು. ಹೆಣ್ಣಿನ ಸಂಕೋಚವನ್ನು ಗೌರವಿಸಿಯೇ ಆಕೆಯ ಚಿತ್ರ ತೆಗೆಯಬಹುದೆಂದು ಆ ಗೋಡೆಗಳು ತೋರಿಸಿಕೊಟ್ಟವು.

ಇಂದು ಪ್ರತಿ ಕೈಯಲ್ಲೂ ಕ್ಯಾಮೆರಾ ಇದೆ. ಒಂದು ಮದುವೆಯಲ್ಲಿ ಸಾವಿರ ಚಿತ್ರ ತೆಗೆಯುತ್ತೇವೆ. ಆದರೆ ಕೇಳಿ ತೆಗೆಯುತ್ತೇವೆಯೇ? ಅಡುಗೆಮನೆಯಲ್ಲಿದ್ದ ಸೊಸೆಯ ಚಿತ್ರ, ಆಕೆಗೆ ಗೊತ್ತಿಲ್ಲದೆ, ಸಂಜೆಯೊಳಗೆ ಹತ್ತು ವಾಟ್ಸ್ಯಾಪ್ ಗುಂಪುಗಳಿಗೆ ತಲುಪಿರುತ್ತದೆ. ಚಿತ್ರಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನ ಅಭಿಪ್ರಾಯಗಳಿವೆ. ಆದರೆ ಇನ್ನೊಬ್ಬರ ಮನೆಗೆ ಹೋಗುವಾಗ ಅನುಮತಿ ಪಡೆದು ಸಲಾಮ್ ಹೇಳಬೇಕೆಂದು ಪವಿತ್ರ ಕುರ್‌ಆನ್ (24:27) ಕಲಿಸಿದ ಮೇಲೆ, ಇನ್ನೊಬ್ಬರ ಮುಖದ ವಿಷಯದಲ್ಲಿ ಅನುಮತಿ ಬೇಡವೇ? ನಮ್ಮನ್ನು ನಂಬಿ ಎದುರಿಗೆ ಕುಳಿತವರ ಚಿತ್ರ ನಮ್ಮ ಬಳಿಯಿರುವ ಅಮಾನತ್ತು.

ಸಹೋದರಿಯರೇ, ಈ ವಾರ ಆ ಟ್ರಂಕನ್ನು ಒಮ್ಮೆ ತೆರೆಯಿರಿ. ಹಳೆಯ ನೆಗೆಟಿವ್‌ಗಳಿದ್ದರೆ ಎಸೆಯಬೇಡಿ. ಅಂಚಿನಲ್ಲಿ ಮಾತ್ರ ಹಿಡಿದು, ಕಾಗದದ ಲಕೋಟೆಯಲ್ಲಿ ಹಾಕಿ, ತೇವವಿಲ್ಲದ ತಂಪು ಜಾಗದಲ್ಲಿಡಿ. ಮುದ್ರಿತ ಫೋಟೊಗಳ ಹಿಂದೆ ಮೃದುವಾದ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ಬರೆಯದಿದ್ದರೆ ಮುಂದಿನ ತಲೆಮಾರಿಗೆ ಅವರು ಅಪರಿಚಿತರು.

ಬಳಿಕ ಮನೆಯ ಹಿರಿಯರ ಹತ್ತಿರ ಹೋಗಿ ಕುಳಿತುಕೊಳ್ಳಿ. ಅವರು ಒಪ್ಪಿದರೆ ಪಡಸಾಲೆಯ ಕಿಟಕಿಯ ಪಕ್ಕ ಕೂರಿಸಿ. ಅಲ್ಲಿನ ಬೆಳಕೇ ಸಾಕು, ಫ್ಲ್ಯಾಶ್ ಬೇಡ. ಅವರ ತವರಿನ ಬಗ್ಗೆ, ಮದುವೆಯ ದಿನದ ಬಗ್ಗೆ ಕೇಳಿ. ಮಾತಾಡುತ್ತಾ ಅವರು ಕ್ಯಾಮೆರಾ ಮರೆತು ನಗುವ ಗಳಿಗೆ ಬರುತ್ತದೆ. ಆಗ ಒಂದೇ ಒಂದು ಚಿತ್ರ ತೆಗೆಯಿರಿ. ಅದನ್ನು ಮುದ್ರಿಸಿ ಅವರ ಕೈಗೇ ಕೊಡಿ.

ಅವರು ಒಪ್ಪದಿದ್ದರೆ ಮೊಬೈಲನ್ನು ಬದಿಗಿಟ್ಟು ಮಾತು ಕೇಳುತ್ತಾ ಕುಳಿತುಕೊಳ್ಳಿ. ಆ ಮುಖವನ್ನು ನಿಮ್ಮ ಕಣ್ಣಾದರೂ ತುಂಬಿಕೊಂಡಿರಲಿ.