ಸ್ವಿಂಗ್ ಬ್ರೇಕ್ (ಹೈಡ್ರಾಲಿಕ್ ಎಕ್ಸ್‌ಕವೇಟರ್)

ಹೈಡ್ರಾಲಿಕ್ ಎಕ್ಸ್‌ಕವೇಟರಿನ ತಿರುಗುವ ಮೇಲ್ಭಾಗವನ್ನು ನಿಲ್ಲಿಸುವ ಮತ್ತು ನಿಂತಲ್ಲಿಯೇ ಹಿಡಿದಿಡುವ ವ್ಯವಸ್ಥೆಗೆ ಸ್ವಿಂಗ್ ಬ್ರೇಕ್ ಎಂದು ಹೆಸರು. ಚಾಲಕನ ಕ್ಯಾಬಿನ್, ಎಂಜಿನ್, ಬೂಮ್ ಹಾಗೂ ಹಿಂಬದಿಯ ಕೌಂಟರ್‌ವೇಟ್ ಈ ಮೇಲ್ಭಾಗದಲ್ಲಿರುತ್ತವೆ. ಒಂದೇ ಹೆಸರಿನಿಂದ ಕರೆಯಲಾಗುವ ಈ ವ್ಯವಸ್ಥೆಯಲ್ಲಿ ಎರಡು ಬೇರೆ ಬೇರೆ ಬ್ರೇಕ್‌ಗಳು ಅಡಗಿವೆ. ತಿರುಗುತ್ತಿರುವ ಭಾಗವನ್ನು ನಿಲ್ಲಿಸುವುದು ತೈಲದ ಒತ್ತಡ. ನಿಂತ ಭಾಗವನ್ನು ಕದಲದಂತೆ ಹಿಡಿಯುವುದು ಸ್ಪ್ರಿಂಗ್ ಬಲದಿಂದ ಒತ್ತಲ್ಪಟ್ಟ ತಟ್ಟೆಗಳು. ದೋಷವು ಇವೆರಡರಲ್ಲಿ ಯಾವುದಕ್ಕೆ ಸೇರಿದ್ದು ಎಂದು ಗುರುತಿಸುವುದೇ ದುರಸ್ತಿಯ ಮೊದಲ ಹೆಜ್ಜೆ.

ಹೆಸರು ಮತ್ತು ಬಳಕೆ

ಕರ್ನಾಟಕದ ಕರಾವಳಿಯಲ್ಲಿ ಚೈನ್ ಮೇಲೆ ಚಲಿಸುವ ಎಕ್ಸ್‌ಕವೇಟರನ್ನು, ಅದರ ತಯಾರಕರು ಯಾರೇ ಆಗಿರಲಿ, ‘ಹಿಟಾಚಿ’ ಎಂದೂ, ಟೈರ್ ಮೇಲೆ ಓಡುವ ಬ್ಯಾಕ್‌ಹೋ ಲೋಡರನ್ನು ‘ಜೆಸಿಬಿ’ ಎಂದೂ ಕರೆಯುವುದು ವಾಡಿಕೆ. ಬ್ಯಾಕ್‌ಹೋ ಲೋಡರಿನ ಹಿಂಬದಿಯ ತೋಳನ್ನು ಸಾಮಾನ್ಯವಾಗಿ ಹೈಡ್ರಾಲಿಕ್ ಸಿಲಿಂಡರ್‌ಗಳು ಸುಮಾರು ಅರ್ಧ ಸುತ್ತು ಮಾತ್ರ ತಿರುಗಿಸುತ್ತವೆ. ಆದುದರಿಂದ ಇಲ್ಲಿ ವಿವರಿಸಿದ ಬಗೆಯ ಸ್ವಿಂಗ್ ಬ್ರೇಕ್ ಅದರಲ್ಲಿರುವುದಿಲ್ಲ. ಎಕ್ಸ್‌ಕವೇಟರ್ ಪೂರ್ಣ 360 ಡಿಗ್ರಿ ತಿರುಗುತ್ತದೆ. ಅದಕ್ಕೆ ಸ್ವಿಂಗ್ ಮೋಟಾರ್ ಮತ್ತು ಬ್ರೇಕ್ ಎರಡೂ ಬೇಕು. ಕರ್ನಾಟಕದಲ್ಲಿ ಧಾರವಾಡದ ಟಾಟಾ ಹಿಟಾಚಿ ಮತ್ತು ಕೋಲಾರ ಗೋಲ್ಡ್ ಫೀಲ್ಡ್ಸ್‌ನ ಬಿಇಎಂಎಲ್ ಕಾರ್ಖಾನೆಗಳಲ್ಲಿ ಎಕ್ಸ್‌ಕವೇಟರ್‌ಗಳು ತಯಾರಾಗುತ್ತವೆ.

ರಚನೆ

ಸ್ವಿಂಗ್ ಮೋಟಾರ್ ಸಾಮಾನ್ಯವಾಗಿ ಪಿಸ್ಟನ್ ಮಾದರಿಯ ಹೈಡ್ರಾಲಿಕ್ ಮೋಟಾರ್. ಅದರ ವೇಗವನ್ನು ಸ್ವಿಂಗ್ ಗೇರ್‌ಬಾಕ್ಸ್ ತಗ್ಗಿಸಿ ಬಲವನ್ನು ಹೆಚ್ಚಿಸುತ್ತದೆ. ಗೇರ್‌ಬಾಕ್ಸಿನ ಕೆಳತುದಿಯ ಪಿನಿಯನ್, ಸ್ವಿಂಗ್ ಬೇರಿಂಗ್‌ನ ಒಳಹಲ್ಲುಗಳೊಡನೆ ಕೂಡಿಕೊಂಡು ಮೇಲ್ಭಾಗವನ್ನು ತಿರುಗಿಸುತ್ತದೆ.

ಯಾಂತ್ರಿಕ ಬ್ರೇಕ್ ಮೋಟಾರಿನ ಕವಚದೊಳಗೇ ಇರುತ್ತದೆ. ಮೋಟಾರಿನೊಡನೆ ತಿರುಗುವ ಘರ್ಷಣ ತಟ್ಟೆಗಳು ಮತ್ತು ಕವಚಕ್ಕೆ ಸಿಲುಕಿಕೊಂಡು ತಿರುಗದೆ ಉಳಿಯುವ ಉಕ್ಕಿನ ತಟ್ಟೆಗಳು ಒಂದರ ಮೇಲೊಂದು ಜೋಡಣೆಗೊಂಡು ತೈಲದಲ್ಲಿ ಮುಳುಗಿರುತ್ತವೆ. ಇವುಗಳನ್ನು ಬ್ರೇಕ್ ಪಿಸ್ಟನ್ ಮೂಲಕ ಸ್ಪ್ರಿಂಗ್‌ಗಳು ಸದಾ ಒತ್ತಿ ಹಿಡಿದಿರುತ್ತವೆ. ತೈಲದ ಒತ್ತಡ ಬಂದಾಗ ಪಿಸ್ಟನ್ ಹಿಂದೆ ಸರಿದು ಬ್ರೇಕ್ ಬಿಡುಗಡೆಯಾಗುತ್ತದೆ. ಎಂಜಿನ್ ನಿಂತರೆ ಅಥವಾ ಬಿಡುಗಡೆಯ ಹೋಸ್ ಒಡೆದರೆ ಬ್ರೇಕ್ ತಾನಾಗಿಯೇ ಬೀಳುವುದರಿಂದ ಈ ರಚನೆಯನ್ನು ಸುರಕ್ಷಿತವೆಂದು ಪರಿಗಣಿಸಲಾಗಿದೆ.

ಕಾರ್ಯವಿಧಾನ

ಚಾಲಕ ಸ್ವಿಂಗ್ ಲಿವರ್ ಎಳೆದಾಗ ಪೈಲಟ್ ಪಂಪಿನ ತೈಲ, ಸುಮಾರು 30ರಿಂದ 40 ಬಾರ್ ಒತ್ತಡದಲ್ಲಿ, ಬ್ರೇಕ್ ಪಿಸ್ಟನ್‌ಗೆ ತಲುಪುತ್ತದೆ. ಕೆಲವು ಮಾದರಿಗಳಲ್ಲಿ ಇದನ್ನು ಸೊಲೆನಾಯ್ಡ್ ವಾಲ್ವ್ ನಿಯಂತ್ರಿಸಿದರೆ, ಕೆಲವುಗಳಲ್ಲಿ ಲಿವರಿನಿಂದ ಬರುವ ಪೈಲಟ್ ಒತ್ತಡವೇ ನಿಯಂತ್ರಿಸುತ್ತದೆ.

ಲಿವರನ್ನು ಬಿಟ್ಟೊಡನೆ ಮುಖ್ಯ ಕಂಟ್ರೋಲ್ ವಾಲ್ವ್ ಮೋಟಾರಿನ ಎರಡೂ ದಾರಿಗಳನ್ನು ಮುಚ್ಚುತ್ತದೆ. ಆದರೆ ಮೇಲ್ಭಾಗ ತನ್ನ ಜಡತ್ವದಿಂದ ತಿರುಗುತ್ತಲೇ ಇರುವುದರಿಂದ ಮೋಟಾರ್ ಪಂಪಿನಂತೆ ವರ್ತಿಸಿ ಹೊರದಾರಿಯಲ್ಲಿ ಒತ್ತಡ ಏರಿಸುತ್ತದೆ. ಈ ಒತ್ತಡ ನಿಗದಿತ ಮಿತಿಗೆ, ಹಲವು ಮಾದರಿಗಳಲ್ಲಿ 250 ಬಾರ್‌ಗಿಂತ ಮೇಲಕ್ಕೆ, ಏರಿದಾಗ ಸ್ವಿಂಗ್ ರಿಲೀಫ್ ವಾಲ್ವ್ ತೆರೆದುಕೊಳ್ಳುತ್ತದೆ. ಮೇಲ್ಭಾಗವನ್ನು ನಿಧಾನಗೊಳಿಸಿ ನಿಲ್ಲಿಸುವುದು ಈ ಎದುರೊತ್ತಡವೇ. ಅದೇ ವೇಳೆ ಮೋಟಾರಿನ ಇನ್ನೊಂದು ಬದಿ ತೈಲವಿಲ್ಲದೆ ಬರಿದಾಗದಂತೆ ಮೇಕಪ್ ವಾಲ್ವ್ ನೋಡಿಕೊಳ್ಳುತ್ತದೆ.

ಮೇಲ್ಭಾಗ ಪೂರ್ಣವಾಗಿ ನಿಂತ ಬಳಿಕ, ಹಲವು ಯಂತ್ರಗಳಲ್ಲಿ ಲಿವರ್ ಬಿಟ್ಟ ಸುಮಾರು 5 ಸೆಕೆಂಡಿನ ನಂತರ, ತಟ್ಟೆಯ ಬ್ರೇಕ್ ಬೀಳುತ್ತದೆ. ಈ ವಿಳಂಬ ಉದ್ದೇಶಪೂರ್ವಕವಾದುದು. ತಿರುಗುತ್ತಿರುವಾಗಲೇ ತಟ್ಟೆಗಳು ಒತ್ತಿದರೆ ಅವು ಸುಟ್ಟು ಬೇಗ ಸವೆಯುತ್ತವೆ.

ದೋಷಗಳು ಮತ್ತು ಪತ್ತೆ

ನಿಲುಗಡೆಯ ನಂತರ ಜಾರುವುದು: ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸಿದ ಮೇಲೂ ಮೇಲ್ಭಾಗ ತಾನಾಗಿ ತಿರುಗುತ್ತಿದ್ದರೆ ದೋಷ ತಟ್ಟೆಯ ಬ್ರೇಕಿನದು. ತಟ್ಟೆಗಳ ಸವೆತ, ಸ್ಪ್ರಿಂಗ್‌ಗಳ ದುರ್ಬಲತೆ, ಪಿಸ್ಟನ್ ಸಿಕ್ಕಿಕೊಳ್ಳುವುದು ಅಥವಾ ಬಿಡುಗಡೆಯ ತೈಲ ಟ್ಯಾಂಕಿಗೆ ಮರಳದಿರುವುದು ಇದಕ್ಕೆ ಕಾರಣ. ಎಂಜಿನ್ ಚಾಲನೆಯಲ್ಲಿರುವಾಗ ಮಾತ್ರ ಜಾರಿದರೆ ಸೊಲೆನಾಯ್ಡ್ ವಾಲ್ವ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿರುವ ಸಾಧ್ಯತೆ ಇದೆ. ಕೆಲವು ಮಾದರಿಗಳಲ್ಲಿ ವಿದ್ಯುತ್ ದೋಷದ ವೇಳೆ ಬ್ರೇಕ್ ಬಿಡಿಸಲು ತುರ್ತು ಸ್ವಿಚ್ ಇರುತ್ತದೆ. ಅದನ್ನು ಮರೆತು ಹಾಗೆಯೇ ಬಿಟ್ಟಿದ್ದರೂ ಇದೇ ಲಕ್ಷಣ ಕಾಣುತ್ತದೆ. ಆದರೆ ಇಳಿಜಾರಿನಲ್ಲಿ ಲಿವರ್ ಬಿಟ್ಟ ಮೊದಲ ಕೆಲವು ಸೆಕೆಂಡುಗಳಲ್ಲಿ ಕಾಣುವ ಅಲ್ಪ ಚಲನೆ ಮೋಟಾರಿನ ಒಳಸೋರಿಕೆಯಿಂದ ಆಗುವಂಥದ್ದು. ಅದೊಂದನ್ನೇ ನೋಡಿ ಬ್ರೇಕ್ ಕೆಟ್ಟಿದೆ ಎನ್ನಲಾಗದು.

ನಿಲ್ಲಿಸಿದಲ್ಲಿ ನಿಲ್ಲದಿರುವುದು: ಲಿವರ್ ಬಿಟ್ಟ ಮೇಲೆ ಬಕೆಟ್ ಗುರಿ ದಾಟಿ ಬಹುದೂರ ಹೋಗುತ್ತಿದ್ದರೆ ಹೊಸ ತಟ್ಟೆ ಹಾಕಿ ಪ್ರಯೋಜನವಿಲ್ಲ. ರಿಲೀಫ್ ವಾಲ್ವಿನ ಒತ್ತಡ ಕುಗ್ಗಿರುವುದು, ಅದರೊಳಗೆ ಕಸ ಸಿಕ್ಕಿರುವುದು, ಮೇಕಪ್ ವಾಲ್ವ್ ಸರಿಯಾಗಿ ಕೂರದಿರುವುದು ಅಥವಾ ಮೋಟಾರಿನ ಒಳಸೋರಿಕೆ ಇದಕ್ಕೆ ಕಾರಣ. ದೋಷ ಒಂದೇ ದಿಕ್ಕಿನಲ್ಲಿದ್ದರೆ ಎಡ ಮತ್ತು ಬಲದ ರಿಲೀಫ್ ವಾಲ್ವ್‌ಗಳನ್ನು ಅದಲುಬದಲು ಮಾಡಿ ನೋಡಲಾಗುತ್ತದೆ. ದೋಷವೂ ದಿಕ್ಕು ಬದಲಿಸಿದರೆ ವಾಲ್ವೇ ಕಾರಣವೆಂದು ಖಚಿತವಾಗುತ್ತದೆ.

ತಿರುಗದಿರುವುದು ಅಥವಾ ಬಿಗಿಯಾಗಿ ತಿರುಗುವುದು: ಬ್ರೇಕ್ ಪೂರ್ಣವಾಗಿ ಬಿಡುಗಡೆಯಾಗುತ್ತಿಲ್ಲ ಎಂಬುದರ ಸೂಚನೆ ಇದಾಗಿರಬಹುದು. ಮೊದಲು ಸ್ವಿಂಗ್ ಲಾಕ್ ಸ್ವಿಚ್, ಫ್ಯೂಸ್, ತಂತಿಯ ಕನೆಕ್ಟರ್ ಮತ್ತು ಸೊಲೆನಾಯ್ಡ್‌ಗೆ ಬರುವ ವಿದ್ಯುತ್ತನ್ನು ಪರೀಕ್ಷಿಸಬೇಕು. ನಂತರ ಬ್ರೇಕ್ ಬಿಡುಗಡೆಯ ದಾರಿಯಲ್ಲಿ ಗೇಜ್ ಜೋಡಿಸಿ ಪೈಲಟ್ ಒತ್ತಡ ಅಳೆಯಬೇಕು. ಒತ್ತಡ ಸರಿಯಿದ್ದೂ ಬಿಗಿತ ಉಳಿದರೆ ಪಿಸ್ಟನ್ ಸೀಲ್ ಅಥವಾ ತಟ್ಟೆಗಳನ್ನು ನೋಡಬೇಕಾಗುತ್ತದೆ. ಎಳೆದಾಡುವ ಬ್ರೇಕಿನೊಡನೆ ಕೆಲಸ ಮುಂದುವರಿಸಿದರೆ ಮೋಟಾರ್ ಕಾದು, ಉದುರಿದ ಘರ್ಷಣ ವಸ್ತು ತೈಲದಲ್ಲಿ ಸೇರಿ ಉಳಿದ ಭಾಗಗಳನ್ನೂ ಕೆಡಿಸುತ್ತದೆ.

ನಿಂತಾಗ ಹಿಂದೆ ಮುಂದೆ ತೂಗಾಡುವುದು: ನಿಂತೊಡನೆ ಹಿಮ್ಮುಖವಾಗಿ ಎಳೆಯುವ ಒತ್ತಡವನ್ನು ತಗ್ಗಿಸುವ ವಾಲ್ವಿನ ದೋಷ, ಗೇರ್‌ಬಾಕ್ಸ್ ಅಥವಾ ಪಿನಿಯನ್ ಹಲ್ಲುಗಳ ಸವೆತ, ಇಲ್ಲವೇ ಸ್ವಿಂಗ್ ಬೇರಿಂಗ್‌ನ ಸಡಿಲತೆ ಇದಕ್ಕೆ ಕಾರಣವಾಗಬಹುದು.

ಗೇರ್‌ಬಾಕ್ಸಿನಲ್ಲಿ ತೈಲದ ಮಟ್ಟ ಏರುವುದು: ಮೋಟಾರಿನ ಶಾಫ್ಟ್ ಸೀಲ್ ಹರಿದು ಹೈಡ್ರಾಲಿಕ್ ತೈಲ ಕೆಳಗಿಳಿಯುತ್ತಿದೆ ಎಂಬುದಕ್ಕೆ ಇದು ಸಾಮಾನ್ಯ ಸೂಚನೆ. ತೈಲ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ.

ಪರೀಕ್ಷೆಗಳು

ತಟ್ಟೆಯ ಬ್ರೇಕನ್ನು ಪರೀಕ್ಷಿಸಲು ಯಂತ್ರವನ್ನು ಸುಮಾರು 15 ಡಿಗ್ರಿ ಇಳಿಜಾರಿನ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮೇಲ್ಭಾಗವನ್ನು ಓರೆಯಾಗಿ ತಿರುಗಿಸಿ, ಸ್ವಿಂಗ್ ಬೇರಿಂಗ್‌ನ ಒಳ ಮತ್ತು ಹೊರ ಬಳೆಗಳ ಮೇಲೆ ಒಂದೇ ನೇರದಲ್ಲಿ ಗುರುತು ಹಾಕಲಾಗುತ್ತದೆ. ಎಂಜಿನ್ ನಿಲ್ಲಿಸಿ 5 ನಿಮಿಷದ ಬಳಿಕ ಗುರುತುಗಳ ನಡುವಿನ ಅಂತರ ಅಳೆಯಲಾಗುತ್ತದೆ. ಬ್ರೇಕ್ ಸರಿಯಿದ್ದರೆ ಗುರುತುಗಳು ಕದಲಬಾರದು. ತೈಲದ ಒತ್ತಡದಿಂದಾಗುವ ನಿಲುಗಡೆಯನ್ನು ಸಮತಟ್ಟಾದ ನೆಲದಲ್ಲಿ ಪರೀಕ್ಷಿಸಲಾಗುತ್ತದೆ. ಪೂರ್ಣ ವೇಗದಲ್ಲಿ ತಿರುಗಿಸಿ ಲಿವರ್ ಬಿಟ್ಟು, ಮೇಲ್ಭಾಗ ಎಷ್ಟು ಮುಂದೆ ಹೋಗಿ ನಿಲ್ಲುತ್ತದೆ ಎಂಬುದನ್ನು ತಯಾರಕರ ಕೈಪಿಡಿಯ ಅಳತೆಗೆ ಹೋಲಿಸಬೇಕು. ಮೋಟಾರಿನ ಒಳಸೋರಿಕೆಯನ್ನು ಕೇಸ್ ಡ್ರೇನ್ ಹೋಸಿನಿಂದ ಒಂದು ನಿಮಿಷದಲ್ಲಿ ಹೊರಬರುವ ತೈಲವನ್ನು ಅಳೆದು ತಿಳಿಯಲಾಗುತ್ತದೆ. ಈ ಎಲ್ಲ ಪರೀಕ್ಷೆಗಳನ್ನು ತೈಲ ಕೆಲಸದ ಉಷ್ಣತೆಗೆ ಬಂದ ಮೇಲೆಯೇ ಮಾಡಬೇಕು.

ನಿರ್ವಹಣೆ

ಗೇರ್‌ಬಾಕ್ಸ್ ತೈಲದ ಮಟ್ಟವನ್ನು ಕ್ರಮವಾಗಿ ನೋಡುವುದು, ಹಲವು ತಯಾರಕರು ಸೂಚಿಸುವಂತೆ ಪ್ರತಿ 1000 ಗಂಟೆಗಳ ಕೆಲಸಕ್ಕೊಮ್ಮೆ ಅದನ್ನು ಬದಲಿಸುವುದು, ಹೈಡ್ರಾಲಿಕ್ ಮತ್ತು ಪೈಲಟ್ ಫಿಲ್ಟರ್‌ಗಳನ್ನು ಕಾಲಕ್ಕೆ ಸರಿಯಾಗಿ ಬದಲಿಸುವುದು, ಸ್ವಿಂಗ್ ಬೇರಿಂಗ್‌ಗೆ ಗ್ರೀಸ್ ತುಂಬುವುದು ನಿರ್ವಹಣೆಯ ಮುಖ್ಯ ಭಾಗಗಳು. ಹೊರತೆಗೆದ ತೈಲದಲ್ಲಿ ಲೋಹದ ಚೂರು ಕಂಡರೆ ಗೇರ್‌ಗಳನ್ನು ಪರೀಕ್ಷಿಸಬೇಕು. ಚಾಲನೆಯ ಅಭ್ಯಾಸವೂ ಮುಖ್ಯ. ಬಕೆಟ್‌ನ ಪಕ್ಕದಿಂದ ಮಣ್ಣು ಗುಡಿಸುವುದು, ಬಕೆಟನ್ನು ದಿಬ್ಬಕ್ಕೆ ತಾಗಿಸಿ ಸ್ವಿಂಗ್ ನಿಲ್ಲಿಸುವುದು ಮತ್ತು ಲಿವರನ್ನು ತಟ್ಟನೆ ಎದುರು ದಿಕ್ಕಿಗೆ ಎಳೆಯುವುದು ಮೋಟಾರ್, ಗೇರ್ ಹಾಗೂ ಪಿನಿಯನ್‌ಗಳ ಆಯುಷ್ಯವನ್ನು ಕುಗ್ಗಿಸುತ್ತವೆ.

ಕರಾವಳಿಯ ಪರಿಸರದಲ್ಲಿ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬ್ರಹ್ಮಾವರ ಮತ್ತು ಕೋಟದ ನಡುವೆ ಬರುವ ಸಾಸ್ತಾನದಂತಹ ಊರುಗಳು ಕಡಲಿಗೆ ಹತ್ತಿರವಿದ್ದು, ಇಲ್ಲಿನ ಗಾಳಿಯಲ್ಲಿ ಉಪ್ಪಿನಂಶವಿದೆ. ಇಂತಹ ಪರಿಸರದಲ್ಲಿ ಸೊಲೆನಾಯ್ಡ್ ಕನೆಕ್ಟರ್‌ಗಳ ಒಳಗೆ ತುಕ್ಕು ಹಿಡಿದು ಬ್ರೇಕ್ ಒಮ್ಮೆ ಬಿಡುವುದು, ಒಮ್ಮೆ ಬಿಡದಿರುವುದು ಉಂಟು. ಕೆಸರು ನೀರು ಸೇರಿದರೆ ಸ್ವಿಂಗ್ ಬೇರಿಂಗ್‌ನ ಗ್ರೀಸ್ ಬಿಳಿಚಿ ತನ್ನ ಗುಣ ಕಳೆದುಕೊಳ್ಳುತ್ತದೆ. ಕೆಂಪುಕಲ್ಲಿನ ಕೋರೆಗಳಲ್ಲಿ ಬೇಸಿಗೆಯ ನುಣುಪಾದ ಧೂಳು ತೈಲದ ಟ್ಯಾಂಕಿನ ಉಸಿರಾಟದ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಆದುದರಿಂದ ಮಳೆಗಾಲಕ್ಕೆ ಮುನ್ನ ಕನೆಕ್ಟರ್ ಮತ್ತು ಸೀಲ್‌ಗಳನ್ನೂ, ಮಳೆಗಾಲ ಮುಗಿದ ಮೇಲೆ ಗ್ರೀಸ್ ಮತ್ತು ಗೇರ್‌ಬಾಕ್ಸ್ ತೈಲವನ್ನೂ ಪರೀಕ್ಷಿಸುವುದು ಒಳ್ಳೆಯದು.

ಸುರಕ್ಷತೆ

20 ಟನ್ ವರ್ಗದ ಎಕ್ಸ್‌ಕವೇಟರಿನ ಹಿಂಬದಿ, ತಿರುಗುವ ಕೇಂದ್ರದಿಂದ ಸುಮಾರು 2.8 ಮೀಟರ್ ದೂರದವರೆಗೆ ಬೀಸುತ್ತದೆ. ಹೆದ್ದಾರಿಯ ಅಂಚು, ಮನೆಯ ಕಾಂಪೌಂಡು ಅಥವಾ ಕೋರೆಯ ಗೋಡೆಯ ಪಕ್ಕದಲ್ಲಿ ಕೆಲಸ ನಡೆಯುವಾಗ ಕೌಂಟರ್‌ವೇಟ್ ಮತ್ತು ಗೋಡೆಯ ನಡುವೆ ಸಿಲುಕಿದವರಿಗೆ ತಪ್ಪಿಸಿಕೊಳ್ಳಲು ಎಡೆಯಿರುವುದಿಲ್ಲ. ಸ್ವಿಂಗ್ ಬ್ರೇಕ್ ಸರಿಯಿದ್ದರೂ ಈ ವಲಯದೊಳಗೆ ಯಾರೂ ನಿಲ್ಲಬಾರದು. ಬ್ರೇಕ್ ಜಾರುತ್ತಿರುವ ಯಂತ್ರವನ್ನು ಇಳಿಜಾರಿನಲ್ಲಿ ಬಳಸಬಾರದು.

ದುರಸ್ತಿಗೆ ಮುನ್ನ ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬಕೆಟನ್ನು ನೆಲಕ್ಕೂರಿ, ಎಂಜಿನ್ ನಿಲ್ಲಿಸಿ, ಕೈಪಿಡಿಯ ಕ್ರಮದಂತೆ ಹೈಡ್ರಾಲಿಕ್ ಒತ್ತಡವನ್ನು ಇಳಿಸಿ, ಚಾವಿಯನ್ನು ತೆಗೆದಿಡಬೇಕು. ಮೋಟಾರ್ ಕಳಚಿದರೆ ತಟ್ಟೆಯ ಬ್ರೇಕೂ ಅದರೊಡನೆ ಹೊರಬರುವುದರಿಂದ ಮೇಲ್ಭಾಗವನ್ನು ಹಿಡಿಯಲು ಏನೂ ಉಳಿಯುವುದಿಲ್ಲ. ಬ್ರೇಕ್ ಕವಚದೊಳಗಿನ ಸ್ಪ್ರಿಂಗ್‌ಗಳು ಒತ್ತಲ್ಪಟ್ಟ ಸ್ಥಿತಿಯಲ್ಲಿರುತ್ತವೆ. ಆದ್ದರಿಂದ ಮುಚ್ಚಳದ ಬೋಲ್ಟ್‌ಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು.